ಬ್ರೆಡ್ ಕಾರ್ಖಾನೆಯ ಲೆಕ್ಕದ ಪುಸ್ತಕ

ತಗೋ ಉತ್ಪಲಾ, ಕಾರ್ಖಾನೆಯಲ್ಲಿ ಎಸೆಯಲಿಟ್ಟಿದ್ದರು ಇದನ್ನು.
ಹಾಳೆ ಹಾಳೆಗೂ ಗೆರೆ ಎಳೆದು ನಾಲ್ಕು ಮನೆ:
ಹೊತ್ತು, ಬಿಸಿ, ತೂಕ, ಸಹಿ.
ಬ್ರೆಡ್ಡಿನ ಲೆಕ್ಕವೆಲ್ಲ ಈಗ ಕಂಪ್ಯೂಟರಿಗೆ ಹೋಯಿತು;
ಗೆರೆಗಳು ಮಿಕ್ಕಿವೆ, ನಿನಗಿರಲಿ.

ಬೆಂಡಿಗೋದಲ್ಲಿ ನೋಡುವುದಕ್ಕೆ ಏನಿದೆ ಅಂದೆ.
ನಿಜ, ನಮ್ಮ ಬೀದಿಗೆ ಕಾಂಗರೂ ಬರುವುದಿಲ್ಲ.
ಇರುವುದು ಹಸಿರು ಕಸದ ಡಬ್ಬ, ಹಳದಿ ಕಸದ ಡಬ್ಬ,
ಪಕ್ಕದ ಮನೆಯ ಫ್ಲಿನ್, ಅವನ ಚಕ್ರ ಮುರಿದ ಸ್ಕೂಟರು.
ಮೊದಲ ದಿನ ಬರೆದೆ: "ಇವತ್ತು ಏನೂ ಇಲ್ಲ."
ಎರಡನೆಯ ದಿನ: "ನಿನ್ನೆಯ ಹಾಗೇ."
ಬರೆ, ಅದನ್ನೂ ಬರೆ.
ಏನೂ ಇಲ್ಲದ್ದಕ್ಕೂ ಒಂದು ಹೊತ್ತುಂಟು, ಬಿಸಿಯುಂಟು.

ಮೂರನೆಯ ದಿನ ಏನೂ ಇಲ್ಲದ ಅದೇ ಜಾಗದಲ್ಲಿ,
ಮೀಟರು ಪೆಟ್ಟಿಗೆಯ ಬುಡದಿಂದ,
ಬಿಳಿ ಮೊಟ್ಟೆ ಕಚ್ಚಿಕೊಂಡು ಹೊರಟಿತು ಇರುವೆ ಸಾಲು.
"ಮನೆ ಬದಲಿಸುತ್ತಿವೆ. ಬಾಡಿಗೆ ಜಾಸ್ತಿ ಆಯಿತೇನೋ.
ತೂಕ: ಗೊತ್ತಿಲ್ಲ."
ಸಂಜೆ ಮಳೆ ಬಂತು.
ಹಾಳೆ ಹಿಂದಕ್ಕೆ ತಿರುವಿ ನೋಡಿದೆ ನೀನು,
ಮೋಡದ ಗುಟ್ಟು ಮೊದಲೇ ತಿಳಿದವಳ ಹಾಗೆ.

ಗೋಡೆಯ ಕ್ಯಾಲೆಂಡರು ಚೈತ್ರ ಅನ್ನುತ್ತದೆ,
ಕಿಟಕಿಯಾಚೆ ಎಲ್ಮ್ ಮರ ಎಲೆ ಉದುರಿಸುತ್ತದೆ.
ಯಾವುದು ಸರಿ ಅಂತ ಕೇಳಿದೆಯಲ್ಲ?
ಕ್ಯಾಲೆಂಡರು ನನ್ನ ಊರಿನದು, ಮರ ನಿನ್ನ ಊರಿನದು.
ಚೈತ್ರ ಅಂತಲೇ ಬರೆ, ಪಕ್ಕದಲ್ಲಿ ಹಣ್ಣೆಲೆ ಅಂಟಿಸು.
ಜಗಳ ಅವೇ ಬಗೆಹರಿಸಿಕೊಳ್ಳಲಿ.

ಗುರುತಿಲ್ಲದ ಹಕ್ಕಿ ಕಂಡರೆ ಒಡನೆಯೇ ಫೋನು ತಡಕಬೇಡ.
ಹೆಸರು ಎಲ್ಲಿಗೂ ಹಾರುವುದಿಲ್ಲ, ಹಕ್ಕಿ ಹಾರುತ್ತದೆ.
ಕಾಲಿನ ಬಣ್ಣ ನೋಡು, ಕೂತಾಗ ಬಾಲ ಕುಣಿಯಿತೋ ನೋಡು,
ಒಂಟಿಯೋ, ಜೊತೆಗೆ ಬೈಯುವ ಇನ್ನೊಂದು ಇದೆಯೋ.
ಮುರಿದ ಕೊಂಬೆ ಅಂತ ಫ್ಲಿನ್ ತೋರಿಸಿದ್ದು
ಹಳದಿ ಕಣ್ಣು ತೆರೆಯಿತಲ್ಲ, ಕಪ್ಪೆಯಷ್ಟು ಅಗಲ ಬಾಯಿ ಆಕಳಿಸಿತಲ್ಲ!
ಆಮೇಲೆ ಒಂದು ವಾರ ನೀವಿಬ್ಬರೂ
ದಾರಿಯ ಕೊಂಬೆ ಕೊಂಬೆಗೂ ನಮಸ್ಕಾರ ಹೇಳುತ್ತ
ಶಾಲೆಗೆ ತಡವಾಗಿ ಹೋದಿರಿ.

ತಪ್ಪು ನಾನೂ ಮಾಡಿದೆ.
ನೀನು ಬಿಡಿಸಿದ ಜೇಡಕ್ಕೆ ಹತ್ತು ಕಾಲು.
ಎಣಿಸಿದೆ, ಇನ್ನೊಮ್ಮೆ ಎಣಿಸಿದೆ, ರಬ್ಬರು ತಂದೆ.
ಅಂಗೈ ಅಡ್ಡ ಇಟ್ಟು ಹೇಳಿದೆ ನೀನು:
"ಎರಡು ಕಾಲು ನೊಣದ್ದು ಅಪ್ಪಾ,
ಅದು ಇನ್ನೂ ಪೂರ್ತಿ ಒಳಗೆ ಹೋಗಿಲ್ಲ."
ರಬ್ಬರು ಡಬ್ಬಕ್ಕೆ ಹಾಕಿದೆ.
ಹಳದಿಗೋ ಹಸಿರಿಗೋ, ಗಮನಿಸಲಿಲ್ಲ.

ರಾತ್ರಿ ಹಿತ್ತಲಲ್ಲೇ ಮರೆತು ಬಂದ ಪುಸ್ತಕದ ಅಂಚನ್ನು
ಬಸವನಹುಳು ತಿಂದಿತೆಂದು ಅಳುತ್ತಿದ್ದೆ.
ಸಹಿಯ ಮನೆ ನೋಡು ಮರಿ,
ಬೆಳ್ಳಿಯ ಅಂಕುಡೊಂಕು ಗೆರೆ!
ನಮ್ಮ ಮ್ಯಾನೇಜರ ಸಹಿಗಿಂತ ಎಷ್ಟೋ ಸ್ಪಷ್ಟ.

ಇವತ್ತು ನೀನು ಶಾಲೆಗೆ ಹೋದ ಮೇಲೆ, ನಿದ್ದೆ ಬಾರದೆ,
ಕೇಳದೆಯೇ ತೆರೆದು ಓದಿದೆ:

"ಹೊತ್ತು: ಆರು ನಲವತ್ತು. ಬಿಸಿ: ಒಂಬತ್ತು ಡಿಗ್ರಿ.
ದೊಡ್ಡದು. ಹುಬ್ಬಿನ ಮೇಲೆ ಬಿಳಿ ಪುಡಿ.
ಬಾಗಿಲ ಹತ್ತಿರ ಬೂಟು ಬಿಚ್ಚಿತು. ಶಬ್ದ ಮಾಡಲಿಲ್ಲ.
ಹತ್ತಿರ ಬಂದು ನನ್ನ ಹೊದಿಕೆ ಎಳೆಯಿತು.
ಅಲುಗಾಡದೆ ಮಲಗಿದ್ದೆ, ಹೆದರಿ ಓಡದಿರಲಿ ಅಂತ.
ಹಗಲು ನಿದ್ದೆ ಮಾಡುತ್ತದೆ. ಬೆಂದ ವಾಸನೆ.
ತೂಕ: ಕೇಳಬೇಕು."

ವ್ಯಾಕರಣ ತಿದ್ದಲು ಪೆನ್ನು ಎತ್ತಿದವನು ಕೆಳಗಿಟ್ಟೆ.

ಎಂಬತ್ತೊಂದು ಕಿಲೋ, ಮಗಳೇ.
ಸಹಿಯ ಮನೆ ಖಾಲಿ ಇತ್ತು,
ಹಿಟ್ಟಿನ ಹೆಬ್ಬೆರಳು ಒತ್ತಿದ್ದೇನೆ.